ಕಲ್ಲಿನವರು ಕಟ್ಟಿದ ಕಟ್ಟಡ

ಭೂಮಿತಾಯಿಯ ಒಡಲಲ್ಲಿ ಅಡಗಿದ ಸಂಪತ್ತನ್ನು ಬೆಳಕಿಗೆ ತರುವವರಿಗೆ ತಾಳ್ಮೆ, ತ್ಯಾಗ, ದೂರದೃಷ್ಟಿ ಇರಬೇಕು. ನಮ್ಮ ಸಂಘದವರ ಹತ್ತಿರ ಜೆಸಿಬಿ ಇತ್ತು.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಖನಿಜಾನ್ವೇಷಕರ ಮತ್ತು ಗಣಿ ಕುಟುಂಬಗಳ ಹಿತರಕ್ಷಣೆಗೆಂದು ಹುಟ್ಟಿದ ಸಂಘ ಅದು. ಗಣಿ ಎಂದರೆ ಗುಡ್ಡ ಅಗೆದು, ಮನೆ ಕಟ್ಟುವ ಕೆಂಪು ಜಂಬಿಟ್ಟಿಗೆ ಕಲ್ಲು ಕೊಯ್ಯುವ ಗುಂಡಿಗಳು. ಸದಸ್ಯರೆಂದರೆ ಅವುಗಳ ಮಾಲೀಕರು. ಖನಿಜಾನ್ವೇಷಕರು ಮಾತ್ರ ಒಬ್ಬರೇ. ಜೋಗದ ದಾರಿಯಲ್ಲಿ ಹೆಕ್ಕಿದ ಮಿರುಗುವ ಕಲ್ಲೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದು, ಯಾರೂ ಕೇಳದಿದ್ದರೂ “ಈಗ ತೋರ್ಸುದಿಲ್ಲ” ಎನ್ನುತ್ತಿದ್ದರು. ನಾನು ನಿವೃತ್ತ ಮೇಷ್ಟ್ರು. ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕೆ ಕಾರ್ಯದರ್ಶಿಯಾದೆ.

ಸಂಘಕ್ಕೆ ಸ್ವಂತ ಕಟ್ಟಡ ಬೇಕೆಂದು ತೀರ್ಮಾನವಾಯಿತು. ಅದಕ್ಕೆ ಸ್ವಲ್ಪ ಮುಂಚೆ ಅಧ್ಯಕ್ಷರ ಗುಂಡಿಯಲ್ಲಿ ಕಲ್ಲಿನ ಲೋಡು ಜಾರಿ ಒಬ್ಬ ಕೆಲಸಗಾರನ ಕಾಲು ಹೋಗಿತ್ತು. ಅವನೂ ಹೆಂಡತಿಯೂ ಗುಂಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದರು. ಅಲ್ಲಿ ಕಲ್ಲು ಮುಗಿದಿದ್ದರಿಂದ ಶೆಡ್ಡು ಕೀಳುವುದಿತ್ತು. ಅಧ್ಯಕ್ಷರಿಗೆ ಕರುಣೆ ಉಕ್ಕಿತು. ಸಭೆ ಸೇರಿದಾಗಲೇ ಉಕ್ಕುವುದು ಅವರ ಕರುಣೆಯ ಪದ್ಧತಿ.

“ಬರ್ಕೊಳಿ ಮೇಷ್ಟ್ರೇ. ಕಟ್ಟಡದ ಹಿಂದಿನ ಕೋಣೆ ಇವ್ನಿಗೆ. ವಾಚ್‌ಮನ್ ಕೆಲ್ಸನೂ ಇವ್ನಿಗೆ. ಗಂಡ ಹೆಂಡ್ತಿ ಇರೋ ತನ್ಕ ಇರ್ಲಿ.”

ಚಪ್ಪಾಳೆ ಬಿತ್ತು. ಸದಸ್ಯರೆಲ್ಲ ಒಂದೊಂದು ಲೋಡು ಕಲ್ಲು ದಾನ ಕೊಡುವುದೆಂದಾಯಿತು.

ಕಲ್ಲು ಬಂತು. ಉಳಿದವರು ಹೇಗೂ ಗಟ್ಟಿ ಕಲ್ಲು ಕಳಿಸುತ್ತಾರೆ, ನಡುವೆ ತನ್ನದೊಂದು ಲೋಡು ತಳದ ಕಲ್ಲು ಸೇರಿದರೆ ಏನಾಯಿತು ಎಂದು ಪ್ರತಿಯೊಬ್ಬನೂ ಸ್ವತಂತ್ರವಾಗಿ, ಯಾರ ಪ್ರಭಾವಕ್ಕೂ ಒಳಗಾಗದೆ ಯೋಚಿಸಿದ್ದ. ಗುಂಡಿಯ ತಳದ ಕಲ್ಲೆಂದರೆ ಅರ್ಧ ಜೇಡಿಮಣ್ಣು, ಗಿರಾಕಿಗಳು ಮುಟ್ಟುವುದಿಲ್ಲ. ಬಣ್ಣ ನೋಡಿಯೇ ಯಾರ ಗುಂಡಿಯದೆಂದು ಹೇಳಬಲ್ಲ ಪಂಡಿತರೆಲ್ಲ ರಾಶಿಯ ಸುತ್ತ ನಿಂತರು.

“ಇದು ನಿಂದಲ್ಲನಾ? ಸಗಣಿ ಇದ್ದಂಗಿದೆ.”

“ನಿಂದು ಭಾರಿ ಚಂದ ಮಾರಾಯ! ರಸ್ಕಿನಂಗೆ ಕಾಫಿಗೆ ಅದ್ದಿ ತಿನ್ಬೋದು.”

ಎಲ್ಲರೂ ನಕ್ಕರು. ಒಬ್ಬನೂ ತನ್ನ ಲೋಡು ವಾಪಸು ಒಯ್ಯಲಿಲ್ಲ. ಮೊದಲು ಒಯ್ದವನೇ ಕಳ್ಳನಾಗುತ್ತಿದ್ದ.

ಊರುಗೋಲಿನ ಮೇಲೆ ನಿಂತಿದ್ದ ಆ ಕೆಲಸಗಾರ ಕೇಳಿದ, “ಒಡೇರೆ, ಈ ಕಲ್ಲು ಮಳೆ ತಡೀತದಾ?”

“ಪ್ಲಾಸ್ಟರ್ ಹೊಡಿತೀವಲ್ಲೋ. ಒಳಗಿನ ಕಲ್ಲು ಯಾರಿಗೆ ಕಾಣ್ತದೆ?” ಎಂದರು ಅಧ್ಯಕ್ಷರು.

“ಕಾಣೋದು ಬ್ಯಾಡ. ಒಳಗೆ ಮಲ್ಗೋನು ನಾನು.”

“ಓಹೋ, ಇವ್ನು ಇಂಜಿನಿಯರ್ ಆಗ್ಬಿಟ್ಟ!”

ಸಭೆಯಲ್ಲಿ ನಾನು ವಿಷಯ ಎತ್ತಿದೆ. ದಾನದ ಎಮ್ಮೆಯ ಹಲ್ಲು ಎಣಿಸಬಾರದೆಂದು ಖನಿಜಾನ್ವೇಷಕರು ಅಪ್ಪಣೆ ಕೊಡಿಸಿದರು. ಭೂಗರ್ಭದ ಬಗ್ಗೆ ಅವರಿಂದ ಸಂಘಕ್ಕೆ ಸಂದ ಏಕೈಕ ಸಲಹೆ ಅದು.

ಉದ್ಘಾಟನೆಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ. ಕಾಲಿಲ್ಲದವನನ್ನು ವೇದಿಕೆ ಹತ್ತಿಸಿ, ಕೋಣೆಯ ಕೀಲಿಕೈ ಕೊಟ್ಟು, ಫೋಟೊ ತೆಗೆಸಿಕೊಂಡರು. ಮರುದಿನವೇ ಶೆಡ್ಡು ಕಿತ್ತರು.

ಪುನರ್ವಸು ಮಳೆ ಹಿಡಿಯಿತು. ಆ ಕೋಣೆಯ ಗೋಡೆಗೆ ಎರಚಲು ನೇರ ಹೊಡೆಯುತ್ತಿತ್ತು. ಒಂದು ಬೆಳಿಗ್ಗೆ ಗಂಡಹೆಂಡತಿ ರೇಷನ್ ತರಲು ಹೋಗಿದ್ದಾಗ ಗೋಡೆ ಹಾಗೆಯೇ ಕುಳಿತುಬಿಟ್ಟಿತು. ಬಿತ್ತು ಎನ್ನುವಷ್ಟು ಗಟ್ಟಿತನ ಆ ಗೋಡೆಗಿರಲಿಲ್ಲ. ಹಾಸಿಗೆ, ಪಾತ್ರೆ ಎಲ್ಲ ಕೆಂಪು ಕೆಸರಿನಡಿ ಹೋದವು.

ತುರ್ತು ಸಭೆ ಸೇರಿ ಮಳೆಯನ್ನು ತೀವ್ರವಾಗಿ ಖಂಡಿಸಿತು. ಮತ್ತೆ ಒಂದೊಂದು ಲೋಡು ಕಲ್ಲು ಕೊಡುತ್ತೇವೆಂದು ಎಲ್ಲರೂ ಕೈ ಎತ್ತಿದರು. ಬಾಗಿಲಲ್ಲಿ ನಿಂತಿದ್ದ ಅವನು, “ಬ್ಯಾಡಿ ಒಡೇರೆ, ಒಂದು ಸಲ ಉಳ್ಕೊಂಡಿದೀವಿ” ಎಂದ.

ಗಂಡಹೆಂಡತಿ ಮಂಡಗದ್ದೆಯಲ್ಲಿರುವ ಅವಳ ತಮ್ಮನ ಮನೆಗೆ ಹೋದರು. ಹಿಂದಿನ ಕೋಣೆಗೆ ಇನ್ನೂ ಗೋಡೆಯಿಲ್ಲ.