ಸ್ಥಳದಲ್ಲಿ ಜಾನುವಾರು ಕಂಡುಬಂದಿಲ್ಲ

ಹಿರಿಯೂರು ತಾಲ್ಲೂಕಿನ ನಮ್ಮೂರಿನ ಪಡುವಲಿಗೆ ಒಂದು ಹುಲ್ಲುಗಾವಲಿದೆ. ಅದಕ್ಕೆ ಬೇರೆ ಹೆಸರಿಲ್ಲ, ಕಾವಲು ಅಷ್ಟೇ. ಅದರ ಚೆಲುವು ನೋಡಲೆಂದು ಯಾರೂ ಬಸ್ಸು ಮಾಡಿಕೊಂಡು ಬಂದದ್ದಿಲ್ಲ. ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಜಾಲಿ, ಹೆಜ್ಜೆ ಸದ್ದಿಗೆ ಬುರ್ರೆಂದು ಏಳುವ ಗೌಜಲ ಹಕ್ಕಿ; ಮಿಕ್ಕಿದ್ದೆಲ್ಲ ಆಕಾಶ. ಊರಿನ ಕುರಿಗಳೆಲ್ಲ ಮೇಯುವುದು ಅಲ್ಲೇ. ಕಾವಲು ಹೋದರೆ ಮಂದೆ ಮಾರಬೇಕು, ಬೇರೆ ದಾರಿಯಿಲ್ಲ.

ತಾಲ್ಲೂಕು ಕಚೇರಿಯ ಗುಮಾಸ್ತಗಿರಿ ಮುಗಿಸಿ ಊರಿಗೆ ಬಂದ ಎರಡನೇ ವರ್ಷ ಪಂಚಾಯಿತಿ ಗೋಡೆಗೆ ಮಹಾಯೋಜನೆಯ, ಅಂದರೆ ಮಾಸ್ಟರ್ ಪ್ಲಾನಿನ, ಕರಡು ನಕ್ಷೆ ಅಂಟಿಸಿದರು. ನಮ್ಮ ಕಾವಲಿಗೆ ನೇರಳೆ ಬಣ್ಣ ಬಳಿದಿತ್ತು. ಮೂಲೆಯ ಪಟ್ಟಿಯ ಪ್ರಕಾರ ನೇರಳೆಯೆಂದರೆ ಕೈಗಾರಿಕೆ. ಅಧಿಕಾರಿಯೊಬ್ಬರು ಸ್ಥಳ ಪರಿಶೀಲನೆಗೆ ಬರುವರೆಂದೂ, ಆಕ್ಷೇಪಣೆ ಇದ್ದವರು ಬರೆದು ಸಲ್ಲಿಸಬಹುದೆಂದೂ ಕೆಳಗೆ ಒಕ್ಕಣೆಯಿತ್ತು.

ಊರಿನಲ್ಲಿ ಸರ್ಕಾರಿ ಭಾಷೆ ಬಲ್ಲ ಏಕಮಾತ್ರ ವಿದ್ವಾಂಸ ನಾನು. ಸಾಹೇಬರ ಆಗಮನಕ್ಕೆ ಸ್ಥಳ ಸಜ್ಜುಗೊಳಿಸುವ ಶಾಸ್ತ್ರದಲ್ಲಂತೂ ಮೂವತ್ತು ವರ್ಷಗಳ ಸಾಧನೆ ನನ್ನದು. ಆದ್ದರಿಂದ ಅಪ್ಪಣೆ ಹೊರಡಿಸಿದೆ: ಪರಿಶೀಲನೆಯ ದಿನ ಒಂದು ಕುರಿಯೂ ಅಡ್ಡ ಬರಕೂಡದು, ಒಂದು ಹಿಕ್ಕೆಯೂ ಸಾಹೇಬರ ಬೂಟಿಗೆ ತಾಗಕೂಡದು. ಕುರಿಗಾರರು ನನ್ನ ಮಾತಿಗೆ ಬೆಲೆ ಕೊಟ್ಟು ಮಂದೆಗಳನ್ನೆಲ್ಲ ಹಳ್ಳದಾಚೆ ಹೊಡೆದರು. ನಾಯಿಗಳನ್ನೂ ಕಟ್ಟಿಹಾಕಿದರು. ಸಾಹೇಬರು ಬಂದರು, ಎಳನೀರು ಕುಡಿದರು, ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸಿದರು, ಹೋದರು. ಇಷ್ಟು ಸಾಂಗವಾಗಿ ನಡೆದ ಪರಿಶೀಲನೆಯನ್ನು ನನ್ನ ಸೇವಾವಧಿಯಲ್ಲೇ ಕಂಡಿರಲಿಲ್ಲ.

ಕೆಲವು ದಿನ ಬಿಟ್ಟು ಅವರ ವರದಿಯ ನಕಲು ತಂದೆ. "ಸ್ಥಳದಲ್ಲಿ ಜಾನುವಾರು ಕಂಡುಬಂದಿಲ್ಲ. ಭೂಮಿ ಬಳಕೆಯಲ್ಲಿಲ್ಲ."

ಊರಿನ ದೊಡ್ಡ ಮಂದೆ ನನ್ನ ಪಕ್ಕದ ಮನೆಯ ಅಕ್ಕನದು. ನನಗಿಂತ ಹತ್ತು ವರ್ಷ ಹಿರಿಯಳು. ನನ್ನ ನಿವೃತ್ತಿ, ಪಿಂಚಣಿ, ಕನ್ನಡಕ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಂಡವಳಲ್ಲ. ನಕಲನ್ನು ಅವಳಿಗೆ ಓದಿ ಹೇಳಿದೆ.

"ಕುರಿ ಹೊಡ್ಕಂಡ್ ಹೋಗ್ರಿ ಅಂದೋನು ಯಾರಪ್ಪ?"

"ನಾನೇ ಅಕ್ಕ."

"ಕುರಿನೇ ಇಲ್ಲ ಅಂತ ಬರ್ದೋನು?"

"ಸಾಹೇಬ್ರು."

"ತೋಳ ಬಂದ್ರೂ ಒಂದೆರಡು ತಿಂದು ಹೋಗ್ತೈತೆ. ನೀವಿಬ್ರೂ ಸೇರ್ಕಂಡು ಒಂದೇ ಗೀಟಿಗೆ ಊರ ಕುರಿನೆಲ್ಲ ನುಂಗಿದ್ರಲ್ಲೋ!"

ಆಕ್ಷೇಪಣೆ ಬರೆಯೋಣ ಎಂದೆ.

"ಬರಿ. ಈ ಸಲ ಹೇಳ್ದೆ ಬರಾಕೆ ಹೇಳು. ನೆಂಟ್ರು ಬರ್ತಾರೆ ಅಂದ್ರೆ ಯಾರಾದ್ರೂ ಮನೆ ಗುಡಿಸ್ತಾರೆ. ಕಳ್ಳ ಬಂದಂಗೆ ಬಂದ್ರೆ ಇದ್ದಿದ್ದು ಇದ್ದಂಗೆ ಕಾಣ್ತೈತೆ."

ಬರೆದೆ. ನಮ್ಮ ಮರ್ಯಾದೆಯ ದೆಸೆಯಿಂದ ವಾಸ್ತವಾಂಶ ಮರೆಯಾಯಿತೆಂದೂ, ಪುನಃ ಪರಿಶೀಲನೆಗೆ ತಾವು ಮುನ್ಸೂಚನೆ ಕೊಡದೆ ದಯಮಾಡಿಸಬೇಕೆಂದೂ ನಿವೇದಿಸಿಕೊಂಡೆ. ಕಳ್ಳನ ಉಪಮೆಯೊಂದನ್ನು ಮಾತ್ರ ಕೈಬಿಟ್ಟೆ. ಮನೆಮನೆಯ ರುಜು, ಹೆಬ್ಬೆಟ್ಟು ಹಾಕಿಸಿಕೊಂಡು ಚಿತ್ರದುರ್ಗದ ಬಸ್ಸು ಹತ್ತಿದೆ.

"ಏನ್ರಿ, ಸಾಹೇಬ್ರಿಗೆ ಹೇಳ್ದೆ ಬರ್ರಿ ಅಂತ ಬರ್ದಿದೀರಲ್ಲ, ಇದನ್ನ ಹೆಂಗ್ ತಗಳ್ಳಾದು?" ಎಂದ ಅಲ್ಲಿನ ಯೋಜನಾ ಕಚೇರಿಯ ಗುಮಾಸ್ತ.

"ಹೆಂಗಾದ್ರೂ ತಗಳ್ರಿ. ಸೀಲ್ ಮಾತ್ರ ಹಾಕ್ರಿ," ಎಂದು ಬೆಂಚಿನ ಮೇಲೆ ಕುಳಿತೆ. ಜನರನ್ನು ಕಾಯಿಸಿಯೇ ಆಯುಷ್ಯ ಕಳೆದವನು ಕಾಯಲು ಕುಳಿತರೆ ಎಬ್ಬಿಸುವುದು ಕಷ್ಟ. ಊಟದ ಬಿಡುವು ಮುಗಿದ ಮೇಲೆ ಸೀಲು ಬಿತ್ತು.

ಸಾಹೇಬರು ನಿಜಕ್ಕೂ ಹೇಳದೆ ಬಂದರು. ಸುದ್ದಿ ತಿಳಿದು ನಾನು ಓಡಿಹೋಗುವಷ್ಟರಲ್ಲಿ ಕಾವಲಿನ ನಡುವೆ ಜೀಪು ನಿಂತಿತ್ತು. ಅದರ ಮುಂದೆ ಅಕ್ಕ, ಸುತ್ತ ಕಣ್ಣು ಹಾಯುವವರೆಗೆ ಕುರಿ. ನಾಯಿಗಳು ಟೈರುಗಳನ್ನು ವಿಚಾರಿಸಿಕೊಳ್ಳುತ್ತಿದ್ದವು.

"ಅಜ್ಜಿ, ಕುರಿ ಸ್ವಲ್ಪ ಸರಿಸಿ," ಎಂದರು ಸಾಹೇಬರು ಕಿಟಕಿಯಿಂದ.

"ಒಂದ್ಸಲ ಸರಿಸಿದ್ದೇ ಸಾಕಾಗೈತ್ರಿ. ಮದ್ಲು ಬರ್ಕಳ್ರಿ."

ಅಧಿಕಾರಿಗಳನ್ನು ಹೀಗೆ ತಡೆಯುವುದು ತರವಲ್ಲವೆಂದು ಹೇಳಲು ಹಳೆಯ ಅಭ್ಯಾಸಬಲದಿಂದ ನನ್ನ ಬಾಯಿ ತೆರೆಯಿತು. ಮುಚ್ಚಿಕೊಂಡೆ. ಹೋಗಿ ಜೀಪಿನ ಮುಂದೆ ಅಕ್ಕನ ಪಕ್ಕದಲ್ಲಿ ನಿಂತೆ.

ಸಾಹೇಬರು ತೊಡೆಯ ಮೇಲೆ ಕಡತವಿಟ್ಟು ಬರೆದರು.

"ಓದ್ರಿ," ಎಂದಳು ಅಕ್ಕ.

"ಸ್ಥಳದಲ್ಲಿ ಕುರಿಗಳು ಮೇಯುತ್ತಿರುವುದು ಕಂಡುಬಂದಿದೆ. ಭೂಮಿ ಬಳಕೆಯಲ್ಲಿದೆ."

"ಹಳೇದು ಹೊಡ್ದಾಕ್ರಿ."

"ಅದು ಹಾಗೆಲ್ಲ ಆಗಲ್ಲ ಅಜ್ಜಿ. ಕಡತದಲ್ಲಿ ಇರುತ್ತೆ."

"ಇರ್ಲಿ ಬಿಡ್ರಿ. ಇದನ್ನ ಅದಕ್ಕಿಂತ ದಪ್ಪಗೆ ಬರೀರಿ."

ದೊಡ್ಡ ಮನುಷ್ಯ, ಅಕ್ಷರಗಳ ಮೇಲೆ ಇನ್ನೊಮ್ಮೆ ಪೆನ್ನು ಎಳೆದರು. ಆಮೇಲೇ ಅಕ್ಕ ಬಾಯಲ್ಲಿ ಸದ್ದು ಮಾಡಿ ಮಂದೆಯನ್ನು ಸೀಳಿ ದಾರಿ ಬಿಟ್ಟಳು.

ಮೊನ್ನೆ ಅಂತಿಮ ನಕ್ಷೆ ಗೋಡೆಗೆ ಬಂತು. ಕಾವಲು ಹಸಿರಾಗಿದೆ. ರಸ್ತೆ ಬದಿಗೆ ಬೆರಳಗಲದ ಒಂದು ಪಟ್ಟಿ ಮಾತ್ರ ನೇರಳೆಯಾಗಿಯೇ ಉಳಿದಿದೆ. ಬೀದಿಯಲ್ಲಿ ಮಂದೆ ನಿಲ್ಲಿಸಿ ನೋಡಲು ಬಂದ ಅಕ್ಕನಿಗೆ, ಇಷ್ಟಾದರೂ ಉಳಿಯಿತಲ್ಲ, ಸಮಾಧಾನ ಮಾಡಿಕೊಳ್ಳೋಣ ಎಂದೆ.

"ಯಾಕೆ? ಕುರಿ ನೀರಿಗಿಳಿಯಾ ದಾರಿ ಅದೇ ಅಲ್ಲೇನಪ್ಪ? ಹಾಳೆ ತಗಾ."

ಹಾಳೆ ತೆಗೆದೆ. ನಾನು 'ಮಾನ್ಯರೆ' ಎಂದು ಬರೆಯುವಷ್ಟರಲ್ಲಿ ಅವಳು ಆ ಪಟ್ಟಿಯ ಕಡೆಗೇ ಮಂದೆ ತಿರುಗಿಸಿದ್ದಳು.