ಕಾಗದದಲ್ಲಿ ಇಲ್ಲದ ಗಾಳಿ

ಮಾದೇವಣ್ಣನಿಗೆ ಎರಡು ಕನ್ನಡ ಬರುತ್ತಿತ್ತು. ಒಂದು ಸರ್ಕಾರದ್ದು, ಇನ್ನೊಂದು ಧಾರೇಶ್ವರದ ಅವರ ಮನೆಯದು. ಪ್ರಚಾರದ ಜೀಪಿನಲ್ಲಿ ಮೈಕು ಹಿಡಿದು ಮೊದಲು, "ಸಾರ್ವಜನಿಕರ ಗಮನಕ್ಕೆ ತರಬಯಸುವುದೇನೆಂದರೆ" ಎಂದು ಗಂಟಲು ಬಿಗಿದುಕೊಂಡು ಓದುವರು. ಓದಿದ ಕಾಗದವನ್ನು ಮಡಚಿ, "ಅಂದ್ರೆ ಎಂತ ಗೊತ್ತಾತಾ? ನಾಳೆ ಸಾಲೆ ಹತ್ರ ಮಕ್ಕಳಿಗೆ ಸೂಜಿ ಹಾಕ್ತ್ರು. ಕರ್ಕಂಡು ಬನ್ನಿ, ಹೆದ್ರಬೇಡಿ" ಎನ್ನುವರು. ಭಟ್ಕಳದಿಂದ ಕುಮಟೆಯವರೆಗೆ ಜನ ಕಾಯುತ್ತಿದ್ದುದು ಆ ಎರಡನೆಯ ಮಾತಿಗೆ. ಭಟ್ಕಳದ ಪೇಟೆಯಲ್ಲಿ ಅದನ್ನೇ ಉರ್ದುವಿನಲ್ಲೂ ಹೇಳಲು ಹೋಗಿ ತಪ್ಪುತ್ತಿದ್ದರು. ಅಂಗಡಿಯವರು ನಗುತ್ತ ತಿದ್ದುತ್ತಿದ್ದರು.

ನಾನು ಹೊನ್ನಾವರದ ಸರ್ಕಾರಿ ಪ್ರಚಾರ ಕಚೇರಿಯಲ್ಲಿ ಟೈಪಿಸ್ಟ್. ಅವರು ಓದುವ ಕಾಗದಗಳೆಲ್ಲ ನನ್ನ ಕೈಯಿಂದಲೇ ಹೋಗುತ್ತಿದ್ದವು. "ಇಷ್ಟುದ್ದ ವಾಕ್ಯ ಹೊಡೀಬೇಡ ಮಾರಾಯ್ತಿ, ನಡುವೆ ಉಸಿರು ಬಿಡುಕೆ ಜಾಗ ಇಡು" ಎಂದು ಬಂದಾಗಲೆಲ್ಲ ಹೇಳುವರು.

ತುರ್ತುಪರಿಸ್ಥಿತಿ ಬಂತು. ಪತ್ರಿಕೆಗಳು ಕೊಟ್ಟದ್ದನ್ನೇ ಅಚ್ಚು ಹಾಕುತ್ತಿದ್ದ ಕಾಲ. ಹೊಸದಾಗಿ ಬಂದ ಸಾಹೇಬರು ಮಾದೇವಣ್ಣನನ್ನು ಕರೆದು, "ಕಾಗದದಲ್ಲಿ ಇದ್ದಷ್ಟೇ ಓದಿ. ಅರ್ಥ ಹೇಳುವುದು ನಿಮ್ಮ ಕೆಲಸವಲ್ಲ" ಎಂದರು. ಮನೆಯ ಕನ್ನಡ ಅಂದಿಗೆ ನಿಂತಿತು. ಮನೆಯಲ್ಲಿ ಐದು ಜನ ಉಣ್ಣುವವರಿದ್ದರು, ಮಾದೇವಣ್ಣ ಎದುರಾಡಲಿಲ್ಲ.

ಮಳೆಗಾಲಕ್ಕೆ ಮುಂಚಿನ ದಿನಗಳು. ಮರುದಿನ ಹೊನ್ನಾವರದಲ್ಲಿ ದೋಣಿ ಕಟ್ಟುವ ಹೊಸ ಧಕ್ಕೆಯ ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು. ಆ ಮಧ್ಯಾಹ್ನ, ಬಿರುಗಾಳಿ ಬರಲಿದೆ, ದೋಣಿಗಳು ಕಡಲಿಗೆ ಇಳಿಯಬಾರದು ಎಂಬ ತಂತಿ ಬಂತು. ಸಮಾರಂಭದ ಸುದ್ದಿಯ ಕೆಳಗೆ ಅದನ್ನೂ ಟೈಪು ಮಾಡಿ ಸಾಹೇಬರ ಮುಂದಿಟ್ಟೆ.

"ಇದನ್ನು ಕೇಳಿದರೆ ಸಭೆಗೆ ಯಾರು ಬರುತ್ತಾರೆ? ಗಾಳಿಯ ವಿಷಯ ನಾಳೆ ಸಂಜೆ ಹೇಳಿದರಾಯಿತು" ಎಂದು ಅವರು ಕೊನೆಯ ಸಾಲುಗಳನ್ನು ಹೊಡೆದುಹಾಕಿದರು. ಆ ಸಾಲುಗಳನ್ನು ಬಿಟ್ಟು ನಾನು ಇನ್ನೊಮ್ಮೆ ಟೈಪು ಮಾಡಿದೆ. ಕಾಗದ ತೆಗೆದುಕೊಳ್ಳಲು ಬಂದ ಮಾದೇವಣ್ಣ, "ತಂತಿ ಬಂದಿತ್ತಲ್ಲ ತಂಗಿ?" ಎಂದರು. ನಾಳೆ ಹೇಳುತ್ತಾರಂತೆ ಎಂದೆ. ಅವರು ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ ಹೊರಟರು.

ಮುಂದಿನದನ್ನು ಜೀಪಿನ ಡ್ರೈವರ್ ಹೇಳಿದ. ಮಾವಳ್ಳಿಯ ದಂಡೆಯಲ್ಲಿ ತಿಮ್ಮಪ್ಪ ಎಂಬ ಮೀನುಗಾರ ಜೀಪಿನ ಹತ್ತಿರ ಬಂದು ಕೇಳಿದನಂತೆ: "ಮಾದೇವಣ್ಣ, ಬೆಳಗಾ ಮುಂಚೆ ದೋಣಿ ಹಾಕುಕೆ ಅಡ್ಡಿಲ್ವ? ಗಾಳಿ ಗೀಳಿ ಎಂತದೂ ಇಲ್ವ?"

"ಕಾಗದದಲ್ಲಿ ಎಂತದೂ ಇಲ್ಲ" ಎಂದರಂತೆ ಮಾದೇವಣ್ಣ.

"ಹಂಗಾರೆ ಆತು" ಎಂದು ತಿಮ್ಮಪ್ಪ ಹೋದ. ಮರುದಿನ ಮಧ್ಯಾಹ್ನದ ಗಾಳಿಗೆ ಅವನ ದೋಣಿ ಮಗುಚಿತು. ಅವನೂ ಅವನ ತಮ್ಮನೂ ಮರಳಲಿಲ್ಲ.

ಎಚ್ಚರಿಕೆ ನೀಡಿದ್ದರೂ ಲೆಕ್ಕಿಸದೆ ಕಡಲಿಗೆ ಇಳಿದರು ಎಂದು ಸಾಹೇಬರು ಪ್ರಕಟಣೆ ಬರೆಸಿದರು. ಅದನ್ನೂ ನಾನೇ ಟೈಪು ಮಾಡಿದೆ. ಪತ್ರಿಕೆಗಳು ಹಾಗೆಯೇ ಅಚ್ಚು ಹಾಕಿದವು. ಮಾವಳ್ಳಿಯಲ್ಲಿ ಅದನ್ನು ಓದಲು ಮಾದೇವಣ್ಣನನ್ನು ಕಳಿಸಿದರು. ಅವರು ಅರ್ಧ ಓದಿ ನಿಲ್ಲಿಸಿದರು. ಮೈಕು ಬಂದ್ ಮಾಡದೆಯೇ, "ಇದು ಸುಳ್ಳು. ನಿಮಗೆ ಯಾರೂ ಹೇಳ್ಲಿಲ್ಲ. ತಿಮ್ಮಪ್ಪ ನನ್ನ ಕೇಳ್ದ, ಗೊತ್ತಿದ್ದೂ ನಾ ಹೇಳ್ಲಿಲ್ಲ" ಎಂದರು. ತಿಮ್ಮಪ್ಪನ ಹೆಂಡತಿ ನಾಗಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳಂತೆ.

ವಿಚಾರಣೆ ನಡೆಯಿತು. ಓದಿದ ಕಾಗದವನ್ನು ಕಚೇರಿಗೆ ಮರಳಿಸುವುದು ನಿಯಮ. ಮಾದೇವಣ್ಣ ಮರಳಿಸಿದ್ದ ಆ ಕಾಗದವೂ ಅದರ ಪ್ರತಿಯೂ ಫೈಲಿನಲ್ಲಿ ಇರಲಿಲ್ಲ. ಇದ್ದದ್ದು ನನ್ನ ಮೊದಲ ಕಾಗದದ ಕಾರ್ಬನ್ ಪ್ರತಿ. ಅದರಲ್ಲಿ ಗಾಳಿಯ ಸುದ್ದಿ ಇತ್ತು. "ಇದನ್ನು ನೀವೇ ಟೈಪು ಮಾಡಿದ್ದೇ?" ಎಂದು ಕೇಳಿದರು. ಹೌದು ಎಂದೆ. ಸುಳ್ಳಲ್ಲ. ಎರಡನೆಯದೊಂದಿತ್ತೇ ಎಂದು ಯಾರೂ ಕೇಳಲಿಲ್ಲ. ಮಾದೇವಣ್ಣ ಎದುರು ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದರು. ನಾನು ತಲೆ ತಗ್ಗಿಸಿ ಕೂತೆ. ಎಚ್ಚರಿಕೆಯನ್ನು ಓದದೆ ಬಿಟ್ಟವರು ಅವರೇ ಎಂದಾಗಿ, ಕೆಲಸ ಹೋಯಿತು.

ಎಂಟು ವರ್ಷದ ಮೇಲೆ ಧಾರೇಶ್ವರಕ್ಕೆ ಹುಡುಕಿಕೊಂಡು ಹೋದೆ. ಕಾಯಿಲೆಗೆ ಬಹಳ ಇಳಿದುಹೋಗಿದ್ದರು. "ಬಾ ತಂಗಿ" ಎಂದು ಚಾಪೆ ಹಾಸಿಸಿದರು, ಚಾ ತರಿಸಿದರು. ನಾನು ಅಳುತ್ತ ಎಲ್ಲ ಹೇಳಿದೆ.

"ನಾಗಮ್ಮಂಗೆ ಹೇಳಿದ್ಯಾ?" ಎಂದರು.

"ಇಲ್ಲ."

"ಹಂಗಾರೆ ನಂಗೆ ಹೇಳಿ ಎಂತ ಮಾಡ್ತೆ?" ದನಿಯಲ್ಲಿ ಸಿಟ್ಟಿರಲಿಲ್ಲ. "ಚಾ ಆರ್ತದೆ, ಕುಡಿ."

ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು. ಆಮೇಲೆ ಒಂದು ಬೆಳಿಗ್ಗೆ ಭಟ್ಕಳದ ಬಸ್ಸು ಹತ್ತಿ ಮಾವಳ್ಳಿಗೆ ಟಿಕೆಟ್ ಕೇಳಿದೆ. ಮಾವಳ್ಳಿ ಬಂದಾಗ ಕಂಡಕ್ಟರ್ ಎರಡು ಸಲ ಕೂಗಿದ. ನಾನು ಇಳಿಯಲಿಲ್ಲ.