ಹಿಮದೂರಿನ ರಜಾಯಿ

ಎಪ್ಪತ್ತರ ದಶಕದ ಒಂದು ಧನುರ್ಮಾಸದ ಬೆಳಗ್ಗೆ, ಮಂಡ್ಯದ ನಮ್ಮ ಮನೆಯಲ್ಲಿ ಕಾಫಿ ಹಿಡಿದು ನಡುಮನೆಗೆ ಬಂದವಳು ಹಾಗೇ ನಿಂತೆ. ಅಧಿಕಾರಿಯಾಗಿದ್ದ ಭಾವ ದೆಹಲಿಯಿಂದ ತಂದ ದಪ್ಪ ರಜಾಯಿ ಹೊದ್ದು, ಸೆಕೆ ತಾಳಲಾರದೆ ಫ್ಯಾನ್ ಹಾಕಿಕೊಂಡು ಮಲಗಿದ್ದರು. ಹಿಮ ಬೀಳುವ ಊರಿಗೂ ಸಾಕಾಗುವಷ್ಟು ಬಿಸಿ ಎಂದು ಬಂದವರಿಗೆಲ್ಲ ಅದರ ಚೀಟಿ ಓದಿ ಹೇಳುತ್ತಿದ್ದರು. ಬಸರಾಳಿನಿಂದ ಬಂದಿದ್ದ ಅವರ ತಾಯಿ, ಅಂದರೆ ನಮ್ಮತ್ತೆ, ಪಕ್ಕದಲ್ಲೇ ಹಳೆ ಸೀರೆ ಹೊದ್ದು ಫ್ಯಾನಿನ ಗಾಳಿಗೆ ನಡುಗುತ್ತಿದ್ದರು.

"ಅದ ಇತ್ಲಾಗ್ ಕೊಡ್ಲಾ ಮಗ, ಚಳಿ ಆಯ್ತದೆ" ಎಂದರು ಅತ್ತೆ.

"ಇದು ಹಿಮದೂರಿಂದು ಕಣವ್ವ, ನಿಂಗೆ ಸೆಕೆ ಆಯ್ತದೆ ಬುಡು" ಎಂದರು ಭಾವ, ಹಣೆಯ ಬೆವರು ಒರೆಸಿಕೊಳ್ಳುತ್ತ.

ನಾನು ಕಾಫಿ ಕೆಳಗಿಟ್ಟು ಫ್ಯಾನ್ ಆರಿಸಿದೆ. ಸ್ವಲ್ಪ ಹೊತ್ತಿಗೇ ಭಾವ ರಜಾಯಿ ಒದ್ದು ಎದ್ದರು. ಅದನ್ನೆತ್ತಿ ಅತ್ತೆಗೆ ಹೊದಿಸಿದೆ.

ಆಗ ಕೈಗೆ ತಾಕಿದ ಅತ್ತೆಯ ಪಾದ ಕಲ್ಲಿನಂತೆ ತಣ್ಣಗಿತ್ತು. ಭಾವನನ್ನು ನೆನೆದರೆ ಈಗಲೂ ನಗು ಬರುತ್ತದೆ. ಆ ಪಾದ ನೆನಪಾದರೆ ನಗು ನಿಂತುಹೋಗುತ್ತದೆ.